ಕರಿಕೋಳಿಯ ಗೌಜಲ ಮರಿಗಳು

ಜುಲೈ 9, ಮಂಗಳವಾರ
ಇವತ್ತು ಸ್ಕೂಲಿನಲ್ಲಿ ತೊಂಬತ್ತೆರಡು ಮೊಟ್ಟೆ ಸುಲಿದೆ. ಜೊತೆಗೆ ಅಡುಗೆ ಮಾಡುವ ಅನ್ನಪೂರ್ಣ ರಜೆ, ಬಿಸಿಯೂಟದ ಅಡುಗೆ ಪೂರ್ತಿ ನನ್ನ ತಲೆಗೇ. ಸಾಕಾಗಿ ಬಂದು, ಎಮ್ಮೆಗೆ ಬದುವಿನ ಹುಲ್ಲು ಕೊಯ್ದೆ. ಮೆಷಿನ್ನಿನಲ್ಲಿ. ಕುಡುಗೋಲಾದರೆ ಕುಕ್ಕರುಗಾಲಲ್ಲಿ ಕೂರಬೇಕು, ಮಂಡಿ ಕೇಳುವುದಿಲ್ಲ.

ಹುಲ್ಲಿನಲ್ಲಿ ಗೌಜಲಕ್ಕಿ ಕಾವಿಗೆ ಕೂತಿತ್ತು. ಏಳಲಿಲ್ಲ. ಕಾವಿಗೆ ಕೂತದ್ದು ಸುಲಭಕ್ಕೆ ಏಳುವುದಿಲ್ಲ ಅಂತ ಗೊತ್ತಿದ್ದವಳೇ ನಾನು, ನೋಡದೆ ಮೆಷಿನ್ ಓಡಿಸಿ... ಕೊಂದೆ. ಅಡಿಯಲ್ಲಿ ಏಳು ಮೊಟ್ಟೆ, ಇನ್ನೂ ಬಿಸಿ. ಸೆರಗಿನಲ್ಲಿ ತಂದೆ. ನಮ್ಮ ಕರಿಕೋಳಿಯೂ ಕಾವಿಗೆ ಕೂತಿದೆ. ಅದರ ಮೊಟ್ಟೆ ತೆಗೆದು ಇವನ್ನಿಟ್ಟೆ.

ಯಜಮಾನರು ಬೈಯಲಿಲ್ಲ. "ಫಾರೆಸ್ಟ್‌ನೋರು ಕಂಡ್ರೆ ಕೇಸು ಹಾಕ್ತಾರೆ ಕಣೇ" ಅಂದು ಕೋಳಿ ಕೂತ ಬುಟ್ಟಿಗೆ ಗೋಣಿ ಮುಚ್ಚಿದರು. ಮದುವೆಗೆ ಮುಂಚೆ ಗೌಜಲ ಸಾಕಿ, ಅದರ ಕೂಗಿಗೆ ಬಂದ ಕಾಡುಗೌಜಲ ಹಿಡಿಯುತ್ತಿದ್ದ ಮನುಷ್ಯ.

ಜುಲೈ 20, ಶನಿವಾರ
ಆರು ಒಡೆದವು. ಒಂದು ಕೆಟ್ಟಿತ್ತು. ಹೆಬ್ಬೆರಳಷ್ಟು ಮರಿ, ಆಗಲೇ ಓಟ. ನುಚ್ಚು ಹಾಕಿದೆ, ಮುಟ್ಟಲಿಲ್ಲ.

"ಈಗ ಕಾಳು ತಿನ್ನಲ್ಲ. ಗೆದ್ಲು ಬೇಕು" ಅಂದರು ಇವರು. ಮಡಕೆಗೆ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಹುತ್ತದ ಹತ್ತಿರ ಬೋರಲು ಹಾಕಬೇಕಂತೆ. ಬೆಳಿಗ್ಗೆ ತುಂಬಿರುತ್ತದಂತೆ. ಇನ್ನು ದಿನಾ ಐದಕ್ಕೆ ಎದ್ದು ಅದೊಂದು ಕೆಲಸ.

ಜುಲೈ 23
ನಾಲ್ಕು ಉಳಿದಿವೆ. ಎರಡು ಮಳೆಗೆ ನೆನೆದು ಸತ್ತವು. ಹಿತ್ತಲಿನಲ್ಲಿ ಅವಿತುಕೊಳ್ಳಲು ಒಂದು ಪೊದೆಯಿಲ್ಲ. ಕಸ ಗುಡಿಸಿ, ಸಗಣಿ ಸಾರಿಸಿ ನುಣ್ಣಗೆ ಇಟ್ಟಿದ್ದೇನಲ್ಲ, ಮಹಾ ಶುದ್ಧದವಳು! ಇವರು ಜಾಲಿಮುಳ್ಳು ತಂದು ಹಾಕಿದರು.

ಆಗಸ್ಟ್ 4, ಭಾನುವಾರ
ಮಂಡಿ ಊದಿದೆ. ನಿನ್ನೆ ಜಗಳೂರಿಗೆ ಹೋಗಿ ತೋರಿಸಿದೆ. ರೆಸ್ಟ್ ಮಾಡಿ ಅಂದರು ಡಾಕ್ಟ್ರು. ನಗು ಬಂತು.

ಮರಿಗಳಿಗೆ ಈಗ ಮಿಡತೆ, ಇರುವೆ ಮೊಟ್ಟೆ, ಎಳೆ ಸೊಪ್ಪು. ವಾರಕ್ಕೊಂದು ನಮೂನೆ. ಬಾಣಂತಿಗೂ ಇಷ್ಟು ಪಥ್ಯವಿಲ್ಲ.

"ಮೊಟ್ಟೆ ಇಡಾಕೆ ಒತ್ತು ಹುಲ್ಲು ಬೇಕು. ಆದ್ರೆ ಒತ್ತು ಹುಲ್ನಾಗೆ ಮರಿ ಓಡಾಕೆ ಆಗಲ್ಲ. ಅದ್ಕೇ ತಾಯಿ ಬಯಲಿಗೆ ಕರ್ಕಂಡು ಬರ್ತೈತೆ. ಪಕ್ಕದಾಗೆ ಪೊದೆ ಇರಬೇಕು" ಅಂದರು ಇವರು.

"ಇಷ್ಟೆಲ್ಲ ತಿಳ್ಕಂಡು ಹೆಂಗೆ ಹಿಡೀತಿದ್ರಿ?"

"ತಿಳ್ಕಂಡಿದ್ದಕ್ಕೇ ಸಿಗ್ತಿದ್ವು."



ಆಗಸ್ಟ್ 19
ಮರಿಗಳು ಸೂರಿನವರೆಗೆ ಹಾರುತ್ತಿವೆ. ಕರಿಕೋಳಿ ಕೆಳಗೆ ನಿಂತು ಬಡಕೊಳ್ಳುತ್ತದೆ. ಹದ್ದು ಬಂದರೆ ಕೂಗಿ ಕರೆಯುತ್ತದೆ. ನಾಯಿಗೆ ಮಾತ್ರ ಹೆದರುವುದಿಲ್ಲ — ಮನೆ ನಾಯಿ ಅಲ್ಲವೇ. ಮರಿಗಳೂ ಹೆದರುತ್ತಿಲ್ಲ.

"ಕೋಳಿ ಸಹವಾಸ ಬಿಡಿಸ್ಬೇಕು. ಇಲ್ಲಾಂದ್ರೆ ಹೊರಗೆ ಒಂದಿನ ಉಳಿಯಲ್ಲ" ಅಂದರು. ಹೂಂ ಅಂದೆ. ಮುಗಿದರೆ ಸಾಕು ನನಗೂ.

ಸೆಪ್ಟೆಂಬರ್ 8, ಭಾನುವಾರ, ಬೆಳಿಗ್ಗೆ 10
ಬಿಟ್ಟು ಬಂದೆವು. ನಾಲ್ಕನ್ನೂ. ಗೋಮಾಳದಾಚೆ, ದನ ಮೇಯ್ದು ತೆರವಾದ ನೆಲ, ಪಕ್ಕದಲ್ಲೇ ಪೊದೆ, ಹುಲ್ಲು. ಇವರು ಬಾಯಿಗೆ ಕೈ ಅಡ್ಡ ಹಿಡಿದು ಗೌಜಲದ ಹಾಗೆ ಕೂಗಿದರು. ಮದುವೆಯಾಗಿ ಇಪ್ಪತ್ತಾರು ವರ್ಷ, ಇವತ್ತೇ ಕೇಳಿದ್ದು. ಹುಲ್ಲಿನೊಳಗಿಂದ ಉತ್ತರ ಬಂತು. ಮರಿಗಳು ಕತ್ತೆತ್ತಿದವು. ಒಂದರ ಹಿಂದೊಂದು ಒಳಗೆ ಹೋದವು, ತಿರುಗಿ ನೋಡಲಿಲ್ಲ.

ಸಂತೋಷವಾಯಿತು. ನಿಜವಾಗಿಯೂ. ಆ ಸತ್ತ ಹಕ್ಕಿಗೆ ಇನ್ನು ಮುಖ ತೋರಿಸಬಹುದು ಅನ್ನಿಸಿತು.

ಸಂಜೆ 5
ಕರಿಕೋಳಿ ಬೆಳಿಗ್ಗೆಯಿಂದ ಹಿತ್ತಲು ಸುತ್ತುತ್ತಿದೆ. ಉಳಿದ ಗೆದ್ದಲು ಸುರಿದೆ. ತಿನ್ನಲಿಲ್ಲ. ಕೊಕ್ಕಿನಲ್ಲಿ ಎತ್ತುತ್ತದೆ, ಕೊಕ್ ಕೊಕ್ ಅಂತ ಕರೆಯುತ್ತದೆ, ಯಾರೂ ಬರದಿದ್ದರೆ ಕೆಳಗಿಡುತ್ತದೆ. ಮತ್ತೆ ಎತ್ತುತ್ತದೆ.

"ಕೋಳಿಗೇನು, ಎರಡು ದಿನಕ್ಕೆ ಮರೀತೈತೆ" ಅಂದರು ಇವರು. ಇರಬಹುದು.

ಹಿಡಿದು ಮಡಿಲಲ್ಲಿ ಕೂರಿಸಿಕೊಂಡೆ. ಕೊಸರಿಕೊಂಡು ಓಡಿತು. ಸತ್ತ ಆ ತಾಯಿಯೊಂದೇ ನನ್ನ ಕಣ್ಣ ಮುಂದಿತ್ತು. ಇದೂ ಒಂದು ತಾಯಿ ಅಂತ ನನಗೆ ಹೊಳೆಯಲೇ ಇಲ್ಲ. ಈಗಲೂ ಕರೆಯುತ್ತಿದೆ. ಇದಕ್ಕೆ ನಾನು ಏನಂತ ಹೇಳಲಿ.