ಬಲ ಹೆಗಲ ಸೆರಗು

೧೪ ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರವಿಲ್ಲವೆಂದು ಬೇಜಾರು ಮಾಡಿಕೊಂಡಿದ್ದೀಯೇನೋ. ಹೊಲಿಗೆ ಕೆಲಸ ಜಾಸ್ತಿ ಇತ್ತೆಂದು ಸುಳ್ಳು ಹೇಳಬಹುದು. ನಿಜ ಹೇಳಬೇಕೆಂದರೆ ಸಿಟ್ಟಿತ್ತು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಮಂಡಿನೋವು ಕಡಿಮೆಯಾಗಿದೆ, ಗೊಣಗಾಟ ಕಡಿಮೆಯಾಗಿಲ್ಲ.

ನಿನ್ನ ಪ್ರದರ್ಶನ ನೋಡಲು ಬಂದಿದ್ದೆವಲ್ಲ, ಅಲ್ಲಿಂದ ಶುರು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅಮ್ಮನ ಹಸಿರು ಸೀರೆ ಉಟ್ಟ ಗೊಂಬೆ. ಸೆರಗು ಬಲ ಹೆಗಲ ಮೇಲೆ, ತುದಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದು, ಥೇಟ್ ಅಮ್ಮನ ಹಾಗೆ. ಕೆಳಗೆ ನಿನ್ನ ಹೆಸರು ಹಾಕಿದ ಚೀಟಿ: "ದುಡಿಯುವ ಹೆಂಗಸರ ಪ್ರಾಚೀನ ಶೈಲಿ. ತಲೆಮಾರುಗಳಿಂದ ತಾಯಿಯಿಂದ ಮಗಳಿಗೆ ಬಂದದ್ದು." ಜನ ತಲೆದೂಗಿದರು. ಭಾಷಣದಲ್ಲಿ ನೀನು, "ಸೀರೆ ಸಾವಿರಾರು ವರ್ಷದ್ದು, ಹೊಲಿದ ರವಿಕೆ ನಿನ್ನೆ ಮೊನ್ನೆ ಬಂದದ್ದು" ಅಂದೆ. ಮೊದಲ ಸಾಲಿನಲ್ಲಿ ಕೂತಿದ್ದ ನಾನು ಮೂವತ್ತು ವರ್ಷದಿಂದ ರವಿಕೆ ಹೊಲಿಯುವವಳು! ಆಮೇಲೆ ನಿಮ್ಮ ನಿರ್ದೇಶಕಿ ನನ್ನ ಕೈಹಿಡಿದು, "ನಿಮ್ಮ ತಂಗಿ ಅಮ್ಮನ್ನ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದಾರೆ ಅಲ್ವಾ?" ಎಂದರು. ಹೂಂ ಅಂದೆ. ಹೊಟ್ಟೆ ಉರಿದುಹೋಯಿತು. ಬಸ್ಸಿನಲ್ಲಿ ನಿನ್ನ ಭಾವ, "ಏನೇ, ಮುಖ ಯಾಕೆ ಹಾಗಿಟ್ಕೊಂಡಿದ್ದೀಯ?" ಅಂದದ್ದಕ್ಕೆ ಅವರ ಮೇಲೆಯೇ ಹಾರಿಬಿದ್ದೆ.

ಅಮ್ಮ ಹೋದಮೇಲೆ ಸೀರೆಗಳು ನಿನಗೆ ಹೋದವು, ರವಿಕೆಗಳು ನನಗೆ ಉಳಿದವು. "ಬಿಚ್ಚಿ ಯಾವುದಕ್ಕಾದ್ರೂ ಅಸ್ತರು ಹಾಕ್ಕೊಳ್ಳೇ" ಎಂದು ನೀನೇ ಹೇಳಿದ್ದು. ಈಗ ಪ್ರದರ್ಶನದ ಪುಸ್ತಕಕ್ಕೆ ಫೋಟೋ ತೆಗೆಸಬೇಕು, ಹಸಿರು ಸೀರೆಯ ರವಿಕೆ ಕಳಿಸು ಎನ್ನುತ್ತೀಯ. ಒಂದಲ್ಲ, ಎರಡು ಕಳಿಸುತ್ತಿದ್ದೇನೆ. ಹೆಗಲ ಮೇಲೆ ಬೆರಳಾಡಿಸಿ ನೋಡು. ಸೆರಗಿಗೆ ಪಿನ್ನು ಚುಚ್ಚಿ ಚುಚ್ಚಿ ಆದ ತೂತುಗಳಿವೆ. ಹಸಿರು ರವಿಕೆಯಲ್ಲಿ ಅವು ಬಲಗಡೆ. ಕಂದು ಬಣ್ಣದ್ದು ನೀನು ಹುಟ್ಟುವ ಮುಂಚಿನದು, ಅದರಲ್ಲಿ ಎಡಗಡೆ. ಆಗ ಅಮ್ಮನೂ ಸುತ್ತಮುತ್ತಲಿನ ಎಲ್ಲರ ಹಾಗೆ ಎಡಕ್ಕೇ ಉಡುತ್ತಿದ್ದಳು ಕಣೇ. ಪ್ರಾಚೀನವೂ ಇಲ್ಲ, ತಲೆಮಾರೂ ಇಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಮಾತು ತೆಗೆದುಬಿಡು. ನಾಳೆ ಯಾರೋ ತಿಳಿದವರು ನಿನ್ನನ್ನು ನಗೆಪಾಟಲು ಮಾಡಬಾರದು. ಮಾಡಲಿ, ನೋಡಿ ಖುಷಿಪಡೋಣ ಎಂದೇ ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಮಕ್ಕಳಿಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಸೆರಗು ಆ ಕಡೆ ಯಾಕೆ ಹೋಯಿತು ಎಂದು ನೀನು ಕೇಳಿಯೇ ಕೇಳುತ್ತೀಯ. ನಿನ್ನಿಂದ. ನೀನು ಅಮ್ಮನ ಎಡ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ, ಸೆರಗು ಎಳೆದೆಳೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅದಕ್ಕೇ ಅಮ್ಮ ಬಲಕ್ಕೆ ತಿರುಗಿಸಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ನೀನು ಇಳಿದೆ, ಶಾಲೆಗೆ ಹೋದೆ, ಮದುವೆಯಾಗಿ ಹೋದೆ. ಸೆರಗು ವಾಪಸ್ಸು ಬರಲೇ ಇಲ್ಲ. ಸೆರಗು ಎಡಕ್ಕಿದ್ದಾಗ ಬೀದಿಯಲ್ಲಿ ಆ ತುದಿ ಹಿಡಿದುಕೊಂಡೇ ನಾನು ಅಮ್ಮನ ಹಿಂದೆ ನಡೆಯುತ್ತಿದ್ದೆ. ನನಗಾಗ ಆರು ವರ್ಷ. ಒಂದು ಬೆಳಿಗ್ಗೆ ಕೈಚಾಚಿದೆ, ಹಿಡಿದುಕೊಳ್ಳಲು ಏನೂ ಇರಲಿಲ್ಲ.