ಅಪ್ಪನ ಬಲಗಾಲು

ಹದಿನಾರನೇ ತಾರೀಖು
ಬುಧವಾರ, ಮಧ್ಯಾಹ್ನ

ನನ್ನ ಪುಟ್ಟಕ್ಕನಿಗೆ ಅಮ್ಮನ ಮುದ್ದು.

ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ಮನೆಯಲ್ಲಿ, ನಮ್ಮದು ಒಂದೇ ಕೋಣೆ, ಅಪ್ಪನ ಕಿವಿಯೋ ಬಲು ಚುರುಕು. ಅದಕ್ಕೇ ಹೊಲಿಗೆ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇದು ಮೂರನೇ ಹಾಳೆ, ಮೊದಲೆರಡನ್ನು ಹರಿದು ಹಾಕಿದೆ.

ನಿನ್ನ ಮನೆಯ ಪಕ್ಕದಲ್ಲಿ ನೋಡಿದ್ದೆಯಲ್ಲ, ಆ ನೆಲಮಹಡಿಯ ಮನೆ ಇನ್ನೂ ಖಾಲಿ ಇದೆಯಾ? ಬೇಡವೆಂದು ಬರೆದವಳು ನಾನೇ. ಅಪ್ಪನ ಬಲಗಾಲು ಆಡುತ್ತಿದೆ, ಇನ್ನಾರು ತಿಂಗಳಿಗೆ ಮೂರು ಮಹಡಿ ತಾವೇ ಹತ್ತುತ್ತಾರೆ ಅಂತ ಬೀಗಿದ್ದೆ. ಆ ಕಾಗದವನ್ನು ಮರೆತುಬಿಡು. ಮನೆಯ ಮಾಲೀಕರು ಶನಿವಾರದೊಳಗೆ ತಿಳಿಸಬೇಕು ಅಂದಿದ್ದರಲ್ಲ, ಕೈಕಾಲು ಹಿಡಿದಾದರೂ ಅವರನ್ನು ತಡೆದು ನಿಲ್ಲಿಸು.

ಆಗಿದ್ದು ಇಷ್ಟು. ಅಂಗಡಿ ಬೋರ್ಡು ಬರೆಯಲು ಏಣಿ ಹತ್ತಿ ಬಿದ್ದ ಮೇಲೆ ಅವರಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ, ನಿನಗೆ ಗೊತ್ತು. ಆವತ್ತಿನಿಂದ ನನಗೂ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ, ಅದನ್ನು ನಿನಗೆ ಹೇಳಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಹತ್ತನೇ ದಿನ, ನಾನು ಬಾಗಿಲು ತೆಗೆಯುತ್ತಿದ್ದಂತೆ ಹೊದಿಕೆಯೊಳಗಿನ ಬಲಗಾಲು ಚಂಗನೆ ಮೇಲೆದ್ದಿತು. ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಹೊಟ್ಟೆ ತುಂಬ ಉಂಡೆ. ಅಂದಿನಿಂದ ದಿನವೂ ನಾನು ಬರುವುದಕ್ಕೂ ಕಾಲು ಏಳುವುದಕ್ಕೂ ಸರಿಹೋಗುತ್ತಿತ್ತು. ನನ್ನ ಸಪ್ಪಳ ಕೇಳಿದರೆ ಆ ಕಾಲಿಗೂ ಖುಷಿ ಅಂತ ಕೆಳಗಿನ ಮನೆಯಾಕೆಯ ಹತ್ತಿರವೆಲ್ಲ ಜಂಬ ಕೊಚ್ಚಿಕೊಂಡೆ.

ಕಳೆದ ಗುರುವಾರ ವ್ಯಾಯಾಮ ಮಾಡಿಸುವ ಹುಡುಗಿ ಬಂದಿದ್ದಳು. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ ಅಂದಳು. ಅಪ್ಪನ ಹಣೆಯಲ್ಲಿ ಬೆವರು ಬಂತೇ ಹೊರತು ಬೆರಳು ಅಲುಗಲಿಲ್ಲ. ಅವಳು ಪೆನ್ನಿನ ತುದಿಯಿಂದ ಅಂಗಾಲು ಗೀರಿದಳು, ಕಾಲು ಎದ್ದಿತು. ನಾನೊಬ್ಬಳು ಪೆದ್ದಿ, ಚಪ್ಪಾಳೆ ತಟ್ಟಿದೆ. ಹೋಗುವಾಗ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ಆಂಟಿ, ಕಾಲು ಎತ್ತಿದ್ದು ಅವರಲ್ಲ, ಬೆನ್ನುಹುರಿ. ತಲೆಗೆ ಅದು ಗೊತ್ತೇ ಇಲ್ಲ" ಅಂದಳು.

ನಾನು ಜಗಳಕ್ಕೇ ನಿಂತೆ. ಪಾಪ, ಅವಳು ಬೇಜಾರಿಲ್ಲದೆ ಬಿಡಿಸಿ ಹೇಳಿದಳು. ಬಿಸಿ ಮುಟ್ಟಿದಾಗ ಉರಿ ತಿಳಿಯುವ ಮೊದಲೇ ಕೈ ಹಿಂದಕ್ಕೆ ಬರುವುದು ಬೆನ್ನುಹುರಿಯ ಕೆಲಸವಂತೆ. ನಾವು ಸುಮ್ಮನೆ ನಿಂತಿದ್ದೇವೆ ಅಂದುಕೊಂಡಾಗಲೂ ಮೈ ವಾಲುತ್ತಲೇ ಇರುತ್ತದಂತೆ. ಮೀನಖಂಡ ಕೊಂಚ ಎಳೆದುಕೊಂಡರೆ ಸಾಕು, ಬೆನ್ನುಹುರಿ ಅದನ್ನು ಬಿಗಿ ಮಾಡಿ ನಿಲ್ಲಿಸುತ್ತದೆ. ನಡೆಯುವಾಗ ಒಂದು ಸ್ನಾಯು ಬಿಗಿದರೆ ಎದುರಿನದನ್ನು ಸಡಿಲ ಬಿಡುವುದೂ ಅದೇ. ಹೊರಡು, ನಿಲ್ಲು, ತಿರುಗು ಅನ್ನುವುದು ಮಾತ್ರ ಮೇಲಿನಿಂದ ಬರಬೇಕು. ಅಪ್ಪನಿಗೆ ಆ ದಾರಿಯೇ ಕಡಿದುಹೋಗಿದೆ. ಕೆಳಗಿನ ಭಾಗ ಬದುಕಿದೆ, ಆದರೆ ಅವರ ಮಾತು ಅಲ್ಲಿಗೆ ತಲುಪುವುದಿಲ್ಲ.

ಅದನ್ನು ಕೇಳಿದ ಮೇಲೆ ನನ್ನ ಕಾಲೂ ನನ್ನ ಮಾತು ಕೇಳುತ್ತಿಲ್ಲ ಕಣೇ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದಿದ್ದೇನೆ, ಒಂದು ದಿನವೂ ಕಾಲನ್ನು ನೋಡಿದವಳಲ್ಲ. ಈಗ ನೋಡುತ್ತೇನೆ, ತಾಳ ತಪ್ಪುತ್ತದೆ, ದಾರ ಕಡಿಯುತ್ತದೆ. ಬೆಳಿಗ್ಗೆಯಿಂದ ರವಿಕೆಯ ಒಂದೇ ತೋಳನ್ನು ಮೂರು ಸಲ ಬಿಚ್ಚಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತದೆ.

ಇನ್ನೊಂದು ತಲೆನೋವು. ಅವರ ಬಲ ತೊಡೆಯ ತುಂಬ ನೀಲಿಗಟ್ಟಿದ ಕಲೆಗಳು. ಗಾಲಿಕುರ್ಚಿಯ ಪಟ್ಟಿ ಒತ್ತಿರಬೇಕೆಂದು ಹತ್ತಿ ತುಂಬಿ ಮೆತ್ತೆ ಹೊಲಿದು ಕಟ್ಟಿದೆ. ಆದರೂ ಹೊಸ ಕಲೆಗಳು ಏಳುತ್ತಲೇ ಇವೆ. ಅವರಿಗಂತೂ ನೋವೇ ತಿಳಿಯುವುದಿಲ್ಲ.

ಆರು ದಿನದಿಂದ ವಿಷಯ ಮುಚ್ಚಿಟ್ಟಿದ್ದೇನೆ. ಕಾಲು ಎದ್ದಾಗಲೆಲ್ಲ ನಗುತ್ತೇನೆ, ಊಟ ಮಾಡುತ್ತೇನೆ. ಅವರ ಆಸೆಗೆ ನನ್ನ ಕೈಯಾರೆ ಕತ್ತರಿ ಹಾಕಲಾರೆ. ಭಾನುವಾರ ಬಂದು ನೀನೇ ಹೇಳು. ನಿನ್ನ ಮಾತಾದರೆ ಅವರು ತಡೆದುಕೊಳ್ಳುತ್ತಾರೆ.

ನಿನ್ನ ದಾರಿ ಕಾಯುವ
ಅಮ್ಮ

ಮರೆತ ಮಾತು: ಗುರುವಾರ ಬೆಳಿಗ್ಗೆ. ಕಾಗದವನ್ನು ಇನ್ನೂ ಅಂಚೆ ಡಬ್ಬಿಗೆ ಹಾಕಿಲ್ಲ. ನಿನ್ನೆ ಚಪ್ಪಲಿಯ ಬಾರು ಕಿತ್ತುಹೋಗಿ ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ, ಸಪ್ಪಳವಾಗಲಿಲ್ಲ. ಬಾಗಿಲು ಓರೆಯಾಗಿತ್ತು. ಕಾಲು ಸುಮ್ಮನೆ ಬಿದ್ದಿತ್ತು. ನನಗೆ ಕೆಮ್ಮು ಬಂತು. ತಕ್ಷಣ ಅಪ್ಪ ಹೊದಿಕೆಯೊಳಗೆ ಕೈ ತೂರಿಸಿ, ಬಾಗಿಲ ಕಡೆ ನೋಡುತ್ತಲೇ, ಬಲವಾಗಿ ತೊಡೆ ಗಿಲ್ಲಿಕೊಂಡರು. ಕಾಲು ಎದ್ದಿತು. ಆ ಹುಡುಗಿ ಅವರಿಗೆ ಮೊದಲ ವಾರವೇ ಎಲ್ಲ ಹೇಳಿದ್ದಳಂತೆ. "ಸುಳ್ಳು ಹೇಳಬೇಕೆಂದಿರಲಿಲ್ಲ. ಮೊದಲ ದಿನ ಕಾಲು ತಾನಾಗಿಯೇ ಎದ್ದಿತು, ಆವತ್ತು ನೀನು ಉಂಡೆಯಲ್ಲ, ಅದಕ್ಕೆ ದಿನಾ ಮಾಡಿದೆ" ಅಂದರು. ಆ ಮನೆ ಬೇಡವೆಂದು ನಿನಗೆ ಬರೆದದ್ದನ್ನು ನಾನು ಹೇಳಿದಾಗ ಮುಖ ಗೋಡೆಗೆ ತಿರುಗಿಸಿದರು. ನೀನು ಹೇಳಲು ಬರಬೇಕಿಲ್ಲ, ಮನೆ ಹಿಡಿದರೆ ಸಾಕು. ನಾನು ತಟ್ಟೆ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ. "ಇನ್ನು ಗಿಲ್ಲಬೇಡಿ. ಊಟ ಮಾಡ್ತೀನಿ" ಅಂದೆ.