ಗಂಗಾ ಆರಿಸಿದ ಸೋಪು

ರೀ,
ಎಂಟರ ಬಸ್ಸಿಗೆ ಉಳವಿಗೆ, ಅಕ್ಕನ ಮನೆಗೆ ಹೊರಟೆ. ಸಂಜೆ ಬರುತ್ತೇನೆ. ಸಾರು ಒಲೆಯ ಮೇಲಿದೆ. ಬೆಕ್ಕು ಬರುತ್ತದೆ, ಹಾಲು ಮುಚ್ಚಿಡಿ.

ಪೇಟೆಗೆ ಹೋದರೆ ಮೈಸೋಪು ತನ್ನಿ. ಪಕ್ಕದ ಮನೆ ಟಿವಿಯಲ್ಲಿ ನೋಡಿ ಗಂಗಾ ಹಟ ಹಿಡಿದಿದ್ದ ಆ ಗುಲಾಬಿ ಸೋಪು ಬೇಡ. ಅದರ ವಾಸನೆಗೆ ನಿಮಗೇ ತಲೆನೋವು. ಮಗಳು ಶಿಕಾರಿಪುರದ ಹಾಸ್ಟೆಲ್ ಸೇರಿ ನಾಲ್ಕು ತಿಂಗಳಾಯಿತು. ಆದರೂ ಅದನ್ನೇ ತಂದು, "ಅಂಗಡೀಲಿ ಅದೊಂದೇ ಇತ್ತು ಮಾರಾಯ್ತಿ" ಅನ್ನುತ್ತೀರಿ.

ಅವಳು ಅಂಗಡಿಯಲ್ಲೇ ಸೋಪಿನ ಕಾಗದವನ್ನು ಉಗುರಿನಿಂದ ಗೀರಿ, ಮೂಸಿ, "ಅಪ್ಪಾ, ಇದೇ" ಅನ್ನುತ್ತಿದ್ದಳು. ಹೋದ ವಾರ ನೀವು ತಂದ ಸೋಪಿನ ಕಾಗದದ ಮೇಲೂ ಉಗುರಿನ ಗೀರಿತ್ತು.

ಆ ಕಾಗದವನ್ನು ನನ್ನ ಸೀರೆಗಳ ನಡುವೆ ಇಟ್ಟುಕೊಂಡಿದ್ದೇನೆ. ಹೋಗಲಿ, ಅದನ್ನೇ ತನ್ನಿ.